ಮಳೆಗೆ ಮೊದಲೇ ಕಾಣುವ ಮಳೆ ನಕ್ಷತ್ರಗಳು

ಆರಿದ್ರಾ ಮಳೆ ಹುಯ್ಯುವ ಹೊತ್ತಿನಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಮೋಡ ಕವಿದಿರುತ್ತದೆ ಎಂಬುದು ಅರ್ಧ ಕಾರಣ ಮಾತ್ರ. ಮೋಡವೆಲ್ಲ ಸರಿದು ಹೋದರೂ ಅದು ಕಾಣದು. ಜೂನ್ 22ರ ಸುಮಾರಿಗೆ ಸೂರ್ಯ ಆ ನಕ್ಷತ್ರದ ಭಾಗಕ್ಕೆ ಕಾಲಿಡುತ್ತಾನೆ. ಅಲ್ಲಿಂದ ಹದಿಮೂರು ಹದಿನಾಲ್ಕು ದಿನ ಆರಿದ್ರಾ ಸೂರ್ಯನ ಜೊತೆಗೇ ಹುಟ್ಟಿ, ಅವನ ಬೆಳಕಿನಲ್ಲೇ ಮರೆಯಾಗಿದ್ದು, ಅವನ ಜೊತೆಗೇ ಮುಳುಗುತ್ತದೆ. ಹುಣಸೂರಿನ ಹೊಗೆಸೊಪ್ಪಿನ ಬೆಳೆಗಾರರು, ಕೆ.ಆರ್. ನಗರದ ಭತ್ತದ ಗದ್ದೆಯವರು, ಪಿರಿಯಾಪಟ್ಟಣದ ರಾಗಿ ಹೊಲದವರು, ಎಚ್.ಡಿ. ಕೋಟೆಯ ಹತ್ತಿ ಬೆಳೆಯುವವರು ಆ ದಿನಗಳಲ್ಲಿ ಕೂತಲ್ಲಿ ನಿಂತಲ್ಲಿ ಆಡುವ ಹೆಸರು ಅದೇ. ಹೆಸರಿನ ಒಡೆಯ ಮಾತ್ರ ಆಗ ಊರಲ್ಲಿರುವುದಿಲ್ಲ.

ಮಳೆಗೆ ಹೆಸರು ಕೊಟ್ಟ ಎಲ್ಲ ನಕ್ಷತ್ರಗಳ ಪಾಡೂ ಇಷ್ಟೇ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದೇ ಆ ಪಕ್ಷದ ಮಳೆ. ಏಪ್ರಿಲ್ 14ರ ಆಸುಪಾಸಿನಲ್ಲಿ ಅಶ್ವಿನಿ, ಆ ತಿಂಗಳ ಕೊನೆಗೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಅಸಲೆ, ಆಗಸ್ಟ್ 17ರ ಹೊತ್ತಿಗೆ ಮಗೆ, ನಂತರ ಹುಬ್ಬೆ, ಉತ್ತರೆ, ಸೆಪ್ಟೆಂಬರ್ 27ಕ್ಕೆ ಹಸ್ತ, ಅಲ್ಲಿಂದ ಚಿತ್ತೆ, ಅಕ್ಟೋಬರ್ 24ಕ್ಕೆ ಸ್ವಾತಿ, ಕೊನೆಗೆ ವಿಶಾಖೆ. ಮೈಸೂರು ಸೀಮೆಯ ಮನೆಗಳಲ್ಲಿ ಮೊಳೆಗೆ ನೇತುಹಾಕಿರುವ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಇವೆಲ್ಲ ತಾರೀಖಿನ ಸಮೇತ ಇರುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬಂಥ ಗಾದೆಗಳು ಒಂದೊಂದು ಮಳೆಗೂ ಇವೆ.

ಜಗತ್ತಿನ ಬೇರೆ ಕಡೆ ಜನರನ್ನು ನಿಮಗೆ ಇಷ್ಟವಾದ ನಕ್ಷತ್ರಪುಂಜ ಯಾವುದೆಂದು ಕೇಳಿದರೆ ಹೆಚ್ಚಿನವರು ತಾವು ಮೊದಲು ಗುರುತು ಹಿಡಿದದ್ದನ್ನೋ, ಚಿಕ್ಕಂದಿನಲ್ಲಿ ಅಪ್ಪ ಅಮ್ಮ ತೋರಿಸಿದ್ದನ್ನೋ ಹೇಳುತ್ತಾರೆ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಗತಿ ತಿರುವುಮುರುವು. ಇಲ್ಲಿ ನಕ್ಷತ್ರದ ಮೇಲೆ ಪ್ರೀತಿ ಇದೆ, ನಂಬಿಕೆ ಇದೆ, ಕೈಕೊಟ್ಟಾಗ ಬೈಗುಳವೂ ಇದೆ. ಮುಖಪರಿಚಯ ಮಾತ್ರ ಇಲ್ಲ. ಜನ್ಮನಕ್ಷತ್ರವನ್ನು ಪಾದದ ಸಮೇತ ಹೇಳುವವರಿಗೂ ಅದು ಆಕಾಶದ ಯಾವ ಮೂಲೆಯಲ್ಲಿದೆ ಎಂದರೆ ತಿಳಿಯದು. ಆ ಪರಿಚಯ ಮಾಡಿಸುವುದಕ್ಕೆ ಈ ಬರಹ. ಟೆಲಿಸ್ಕೋಪ್ ಬೇಕಿಲ್ಲ, ಮನೆಯ ತಾರಸಿ, ಒಂದು ಚಾಪೆ, ಡಿಸೆಂಬರಿನಿಂದ ಜೂನ್ ಮೊದಲ ವಾರದವರೆಗಿನ ತಿಳಿಯಾದ ರಾತ್ರಿಗಳು ಸಾಕು.

ಒಂಬತ್ತೂವರೆಯ ಲೆಕ್ಕ

ಒಂದು ಸುಲಭದ ಸೂತ್ರವಿದೆ. ರಾತ್ರಿ ಒಂಬತ್ತೂವರೆಗೆ ಹೊರಗೆ ಬಂದು, ಉತ್ತರದಿಂದ ನೆತ್ತಿಯ ಮೇಲೆ ಹಾಯ್ದು ದಕ್ಷಿಣಕ್ಕೆ ಇಳಿಯುವ ಒಂದು ಗೆರೆ ಇದೆ ಎಂದುಕೊಳ್ಳಿ. ಆ ಗೆರೆಯ ಮೇಲೆ ಈಗ ಯಾವ ನಕ್ಷತ್ರ ಇದೆಯೋ ಅದರ ಮಳೆ ಇನ್ನು ನಾಲ್ಕು, ನಾಲ್ಕೂವರೆ ತಿಂಗಳಿಗೆ ಬರುತ್ತದೆ. ಡಿಸೆಂಬರ್ ಮೊದಲ ವಾರ ಅಲ್ಲಿ ಅಶ್ವಿನಿ, ಜನವರಿ ಮೊದಲಲ್ಲಿ ಕೃತ್ತಿಕೆ, ಫೆಬ್ರುವರಿ ಮೊದಲ ವಾರ ಆರಿದ್ರಾ, ಏಪ್ರಿಲ್ ಮೊದಲ ವಾರ ಮಗೆ, ಮೇ ಎರಡನೇ ವಾರ ಹಸ್ತ, ಜೂನ್ ಮೊದಲ ವಾರ ಸ್ವಾತಿ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಅಂದರೆ ಮಳೆಗಾಲ ಹಗಲಿನಲ್ಲಿ ಹೇಗೆ ಸರದಿಯಲ್ಲಿ ಸಾಗುತ್ತದೋ ಅದೇ ಸರದಿ, ಅದೇ ಅಂತರದಲ್ಲಿ, ಬೇಸಾಯದ ಕೆಲಸ ಕಡಿಮೆ ಇರುವ ಚಳಿಗಾಲ ಬೇಸಿಗೆಯ ರಾತ್ರಿಗಳಲ್ಲಿ ನಿಮ್ಮ ತಲೆಯ ಮೇಲೆ ನಡೆದುಹೋಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ನಮ್ಮ ರಾತ್ರಿ ಮುಖ ಮಾಡುವ ದಿಕ್ಕು ದಿನಾ ಒಂದಿಷ್ಟು ಪೂರ್ವಕ್ಕೆ ಸರಿಯುತ್ತದೆ. ಒಂದು ನಕ್ಷತ್ರ ನಿನ್ನೆ ಕಂಡ ಜಾಗಕ್ಕೆ ಇವತ್ತು ನಾಲ್ಕು ನಿಮಿಷ ಮೊದಲೇ ಬಂದಿರುತ್ತದೆ.

ಈ ಮಳೆ ಲೆಕ್ಕ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಋತುವಿಗೆ ಹೋಲಿಸಿದರೆ ಸೂರ್ಯನ ನಕ್ಷತ್ರ ಪ್ರವೇಶ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ತಡವಾಗುತ್ತಾ ಹೋಗುತ್ತದೆ. ಆರನೇ ಶತಮಾನದ ವರಾಹಮಿಹಿರನ ಕಾಲಕ್ಕೂ ಇವತ್ತಿಗೂ ಇಪ್ಪತ್ತು ದಿನದ ವ್ಯತ್ಯಾಸ. ಮುಂಗಾರು ಹೆಸರು ನೋಡಿಕೊಂಡು ಬರುವುದಿಲ್ಲ. ರೋಹಿಣಿ ಮಳೆ ಹುಯ್ಯಲಿಲ್ಲವೆಂದು ರೋಹಿಣಿಯನ್ನು ದೂರಿ ಫಲವಿಲ್ಲ. ನಕ್ಷತ್ರ ಮಳೆಯನ್ನು ತರುವುದಿಲ್ಲ, ದಿನದ ಲೆಕ್ಕ ಇಡುತ್ತದೆ. ಅಚ್ಚಾದ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಅದು ಸಣ್ಣ ಕೆಲಸವಾಗಿರಲಿಲ್ಲ.

ಕಣದ ಕಾವಲಿನ ಆಕಾಶ

ರಾಗಿ ಕೊಯ್ದು ಮೆದೆ ಒಟ್ಟಿ, ಕಣ ಮಾಡಿ ಒಕ್ಕುತ್ತಿದ್ದ ಕಾಲದಲ್ಲಿ ರಾಶಿ ಕಾಯಲು ಕಣದಲ್ಲೇ ಮಲಗುವ ಪದ್ಧತಿ ಇತ್ತು. ಡಿಸೆಂಬರ್, ಜನವರಿಯ ಚಳಿ, ಮೇಲೊಂದು ಕಂಬಳಿ, ಅದರ ಮೇಲೆ ವರ್ಷದಲ್ಲೇ ಅತಿ ಶ್ರೀಮಂತವಾದ ಆಕಾಶ. ಈಗ ಒಕ್ಕಣೆ ಯಂತ್ರ ಬಂದಿದೆ, ಇಲ್ಲವೇ ರಾಗಿ ಹುಲ್ಲನ್ನು ಟಾರು ರಸ್ತೆಗೆ ಹಾಸಿ ಬಸ್ಸು ಲಾರಿಗಳ ಕೈಲಿ ಒಕ್ಕಿಸುತ್ತಾರೆ. ಆದರೂ ಅಪರಾತ್ರಿ ಹೊಲಕ್ಕೆ ಹೋಗುವುದು ನಿಂತಿಲ್ಲ: ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಬೇಕು, ಕಾಡಂಚಿನಲ್ಲಿ ಆನೆ ಹಂದಿ ಬಾರದಂತೆ ಅಟ್ಟಣೆಯಲ್ಲಿ ಕೂರಬೇಕು. ಸಂಕ್ರಾಂತಿಯ ಆಸುಪಾಸಿನ ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಎತ್ತುಗಳ ಪಕ್ಕದಲ್ಲೇ ರಾತ್ರಿ ಕಳೆಯುವವರೂ ಇದೇ ಆಕಾಶದ ಕೆಳಗಿರುತ್ತಾರೆ.

ಆ ಆಕಾಶದಲ್ಲಿ ಮೊದಲು ಹುಡುಕಬೇಕಾದದ್ದು ಸಮಾನ ದೂರದಲ್ಲಿ ಸಾಲಾಗಿ ನಿಂತ ಮೂರು ನಕ್ಷತ್ರ. ಎಂಥವರಿಗೂ ತಪ್ಪುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಮಹಾವ್ಯಾಧ ಎಂದಿರುವ ಪುಂಜದ ನಡುಕಟ್ಟು ಅದು. ಈ ಸಾಲು ಆಕಾಶದ ಸಮಭಾಜಕದ ಮೇಲೆಯೇ ಇರುವುದರಿಂದ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತದೆ; ದಿಕ್ಕು ತಪ್ಪಿದವರಿಗೆ ಇದಕ್ಕಿಂತ ನಂಬಿಕಸ್ಥ ಗುರುತಿಲ್ಲ. ಡಿಸೆಂಬರ್ ಕೊನೆಗೆ ಸಂಜೆ ಏಳಕ್ಕೆಲ್ಲ ಪೂರ್ವದಲ್ಲಿ ಎದ್ದಿರುತ್ತದೆ. ಮೂರರ ಸಾಲನ್ನು ಒಂದು ಕಡೆಗೆ ಎಳೆದರೆ ಆಕಾಶದಲ್ಲೇ ಹೆಚ್ಚು ಪ್ರಕಾಶದ ಲುಬ್ಧಕ, ಇನ್ನೊಂದು ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿ, ಇನ್ನೂ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಒಂದೇ ಗೆರೆಯಲ್ಲಿ ಇಷ್ಟು ಸಿಗುವ ಜಾಗ ಆಕಾಶದಲ್ಲಿ ಬೇರೆ ಇಲ್ಲ. ಜಗತ್ತಿನ ಉದ್ದಗಲಕ್ಕೂ ಜನ ಈ ಪುಂಜವನ್ನು ಮೆಚ್ಚುವುದಕ್ಕೆ ಅರ್ಧ ಕಾರಣ ಈ ಸುಲಭ.

ಇನ್ನರ್ಧ ಕಥೆ. ಗ್ರೀಕರಿಗೆ ಈ ಪುಂಜ ಓರಿಯನ್ ಎಂಬ ಬೇಟೆಗಾರ. ನಮ್ಮ ಪಠ್ಯಗಳ ಮಹಾವ್ಯಾಧ ಆ ಚಿತ್ರಕ್ಕೇ ಹೊಂದುತ್ತಾನೆ. ಆದರೆ ನಮ್ಮ ಹಳೆಯ ಕಥೆಯಲ್ಲಿ ಇಲ್ಲಿರುವುದು ಬೇಟೆಗಾರನಲ್ಲ, ಬೇಟೆ. ಜಿಂಕೆಯ ರೂಪ ತಾಳಿ ರೋಹಿಣಿಯ ಬೆನ್ನು ಹತ್ತಿದ ಪ್ರಜಾಪತಿಗೆ ರುದ್ರ ಬಾಣ ಬಿಟ್ಟ. ಮೈಗೆ ನಾಟಿಕೊಂಡಿರುವ ಆ ಬಾಣವೇ ಮೂರು ನಕ್ಷತ್ರದ ಸಾಲು. ಬಾಣ ಬಿಟ್ಟ ಬೇಡ ದೂರದಲ್ಲಿ ಹೊಳೆಯುವ ಲುಬ್ಧಕ. ಜಿಂಕೆಯ ತಲೆಯೇ ಮೃಗಶಿರ. ಕಥೆ ಹೀಗೆ ತಿಳಿದರೆ ರೋಹಿಣಿ ಮುಂದೆ, ಜಿಂಕೆ ಹಿಂದೆ, ಬೇಡ ಅದರ ಹಿಂದೆ ಎಂದು ಆಕಾಶದ ಓಟದ ಕ್ರಮವೇ ಕಣ್ಣಿಗೆ ಕಟ್ಟುತ್ತದೆ. ಹುಟ್ಟುವುದೂ ಅದೇ ಕ್ರಮದಲ್ಲಿ. ನಾಗರಹೊಳೆಯ ಅಂಚಿನಲ್ಲಿ ಬದುಕುವವರಿಗೆ ಬೇಟೆಗಾರನಿಗಿಂತ ಜಿಂಕೆಯೇ ಹೆಚ್ಚು ಹತ್ತಿರದ್ದು ಎಂದು ನನ್ನ ಎಣಿಕೆ. ಮಕ್ಕಳಿಗೆ ಎರಡೂ ಕಥೆ ಹೇಳಿ, ಯಾವ ಚಿತ್ರ ಕಾಣುತ್ತದೆ ಎಂದು ಅವರನ್ನೇ ಕೇಳಬಹುದು.

ಜಿಂಕೆಯ ತಲೆಯ ಪಕ್ಕದಲ್ಲೇ ಕೆಂಡದ ಬಣ್ಣದಲ್ಲಿ ಕಾಣುವುದು ಆರಿದ್ರಾ. ಆರದೆ ಹುಯ್ಯುತ್ತದೆ ಎಂದು ನಾವು ಹೊಗಳುವ ಮಳೆಯ ನಕ್ಷತ್ರ. ಇದು ಸೂರ್ಯನಿಗಿಂತ ನೂರಾರು ಪಟ್ಟು ಅಗಲದ, ಆಯುಸ್ಸಿನ ಕೊನೆಗೆ ಬಂದಿರುವ ಕೆಂಪು ದೈತ್ಯ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿಯುವ ಸೂಚನೆ ಇರಬಹುದೆಂದು ಜಗತ್ತೆಲ್ಲ ಕತ್ತೆತ್ತಿ ನೋಡಿತು. ನಕ್ಷತ್ರ ತಾನೇ ಉಗುಳಿದ ದೂಳು ಅಡ್ಡ ಬಂದದ್ದು ಕಾರಣವೆಂದು ಆಮೇಲೆ ತಿಳಿಯಿತು. ಒಂದಲ್ಲ ಒಂದು ದಿನ ಅದು ಸಿಡಿಯುವುದಂತೂ ಖಂಡಿತ. ಆ ದಿನ ನಾಳೆಯೂ ಆಗಬಹುದು, ಲಕ್ಷ ವರ್ಷದ ಮೇಲೂ ಆಗಬಹುದು.

ರೋಹಿಣಿಗೂ ಚಂದ್ರನಿಗೂ ನಂಟಿನ ಕಥೆ ಎಲ್ಲರಿಗೂ ಗೊತ್ತು: ದಕ್ಷನ ಇಪ್ಪತ್ತೇಳು ಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳ ಮನೆಯಲ್ಲೇ ಉಳಿದು ಶಾಪ ತೆಗೆದುಕೊಂಡವನು ಅವನು. ಇದಕ್ಕೆ ಆಕಾಶದಲ್ಲೇ ಆಧಾರವಿದೆ. ಕೆಲವು ವರ್ಷಗಳ ಕಾಲ ಚಂದ್ರ ತಿಂಗಳಿಗೊಮ್ಮೆ ರೋಹಿಣಿಯನ್ನು ಪೂರ್ತಿ ಮರೆಮಾಡುತ್ತಾನೆ. ಇತ್ತೀಚೆಗೆ 2015ರಿಂದ 2018ರವರೆಗೆ ಅಂಥ ಸರಣಿ ನಡೆಯಿತು. ಕೃತ್ತಿಕೆ ಬರಿಗಣ್ಣಿಗೆ ಆರು ಚುಕ್ಕಿಯ ಪುಟ್ಟ ಗೊಂಚಲು, ಕಾರ್ತಿಕೇಯನಿಗೆ ಹಾಲೂಡಿಸಿದ ಆರು ತಾಯಂದಿರು. ಸಾಧಾರಣ ಬೈನಾಕ್ಯುಲರ್ ಹಿಡಿದರೆ ಆರು ಹೋಗಿ ಹತ್ತಾರು ಆಗುತ್ತವೆ. ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿರುವ ಇವು ನಿಜಕ್ಕೂ ಒಂದೇ ಮೋಡದಿಂದ ಹುಟ್ಟಿದ ಒಡಹುಟ್ಟುಗಳು. ಮೊದಲ ಸಲ ಬೈನಾಕ್ಯುಲರ್ ಕೈಗೆ ಸಿಕ್ಕವರಿಗೆ ತೋರಿಸಬೇಕಾದದ್ದು ಇದನ್ನೇ. ಅಶ್ವಿನಿ, ಭರಣಿ ಅಷ್ಟೇನೂ ಹೊಳೆಯುವುದಿಲ್ಲ. ಆದರೆ ಭರಣಿಗೆ ಒಂದು ಹೆಚ್ಚುಗಾರಿಕೆ ಸಿಕ್ಕಿದೆ. 2017ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆ ಗುಂಪಿನ ಮುಖ್ಯ ನಕ್ಷತ್ರಕ್ಕೆ ಭರಣಿ ಎಂಬ ಹೆಸರನ್ನೇ ಅಧಿಕೃತ ಮಾಡಿತು. ಹೊಗೆಸೊಪ್ಪಿನ ಸಸಿ ನಾಟಿಗೆ ಹದ ಕಾಯುವ ದಿನಗಳ ಹೆಸರು ಈಗ ಜಗತ್ತಿನ ನಕ್ಷತ್ರ ಪಟ್ಟಿಯಲ್ಲಿದೆ.

ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಚಂದ್ರ ಅಡ್ಡಿ ಮಾಡದಿದ್ದರೆ ನಿದ್ದೆ ಕೆಟ್ಟರೂ ನಷ್ಟವಿಲ್ಲ. ಪುನರ್ವಸುವಿನ ಜೋಡಿ ನಕ್ಷತ್ರಗಳ ಕಡೆಯಿಂದ ಉಲ್ಕೆಗಳು ಸಾಲುಗಟ್ಟಿ ಬೀಳುವ ರಾತ್ರಿಗಳವು.

ಕಾವೇರಿಯ ಮೇಲೆ ಅಗಸ್ತ್ಯ

ಲುಬ್ಧಕನಿಂದ ದಕ್ಷಿಣಕ್ಕೆ ಕಣ್ಣಿಳಿಸಿದರೆ ಕೆಳಗೆ ಒಂಟಿಯಾಗಿ ಬೆಳಗುವ ಬಿಳಿ ನಕ್ಷತ್ರ ಅಗಸ್ತ್ಯ. ಪ್ರಕಾಶದಲ್ಲಿ ಲುಬ್ಧಕನ ನಂತರದ ಸ್ಥಾನ ಇದಕ್ಕೇ. ಫೆಬ್ರುವರಿ ಎರಡನೇ ವಾರದಲ್ಲಿ ಒಂಬತ್ತೂವರೆಗೆ ನೇರ ದಕ್ಷಿಣದಲ್ಲಿ, ನೆಲದಿಂದ ಇಪ್ಪತ್ತೈದು ಡಿಗ್ರಿ ಎತ್ತರದಲ್ಲಿರುತ್ತದೆ. ಡಿಗ್ರಿ ಅಳೆಯಲು ಕೈಯೇ ಸಾಕು: ಕೈ ನೀಡಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಗೇಣು ಬಿಡಿಸಿದರೆ ಇಪ್ಪತ್ತು, ಕಿರುಬೆರಳಿನ ಅಗಲ ಒಂದು.

ಅಗಸ್ತ್ಯ ಮುನಿಯ ಕಮಂಡಲದ ನೀರು ಉರುಳಿ ಕಾವೇರಿಯಾದ ಕಥೆ ಕೊಡಗಿನಿಂದ ಕೆಳಕ್ಕೆ ಹೊಳೆ ಹರಿದಷ್ಟು ದೂರವೂ ಹರಿದಿದೆ. ಹೊಳೆ ಪಿರಿಯಾಪಟ್ಟಣದ ಅಂಚನ್ನು ಸವರಿ ಕೆ.ಆರ್. ನಗರಕ್ಕೆ ಬಂದು ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ಆ ದಡದಲ್ಲಿ ನಿಂತು ಅಗಸ್ತ್ಯನನ್ನು ನೋಡುವುದಕ್ಕೆ ಬೇರೆ ಊರಿನಲ್ಲಿ ಸಿಗದ ಒಂದು ಅರ್ಥವಿದೆ. ಮಳೆಗಾಲದ ಕೊನೆಗೆ ಅಗಸ್ತ್ಯ ಹುಟ್ಟಿದರೆ ನೀರು ತಿಳಿಯಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನ ಚಲನೆಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಮಕ್ಕಳಿಗೆ ಈ ನಕ್ಷತ್ರ ಅಲ್ಲಿ ಕಾಣಲು ಸಾಧ್ಯವೇ ಇಲ್ಲ, ಅಲ್ಲಿನ ದಿಗಂತದಿಂದ ಅದು ಮೇಲೇಳುವುದಿಲ್ಲ. ರಜೆಗೆ ಊರಿಗೆ ಬಂದಾಗ ತೋರಿಸಬೇಕಾದದ್ದರ ಪಟ್ಟಿಯಲ್ಲಿ ಅರಮನೆಯ ಜೊತೆ ಇದೂ ಇರಲಿ.

ಮದುವೆ ತಿಂಗಳ ಆಕಾಶ

ಮಾರ್ಚ್ ಬಂದರೆ ಜಿಂಕೆ ಪಶ್ಚಿಮಕ್ಕೆ ವಾಲುತ್ತದೆ, ಮಗೆ ಮೇಲೇರುತ್ತದೆ. ಸಿಂಹರಾಶಿಯ ಕುಡುಗೋಲಿನ ಹಿಡಿಯಲ್ಲಿರುವ ಹೊಳೆಯುವ ನಕ್ಷತ್ರವೇ ಮಗೆ. ಅದೇ ಸಿಂಹದ ಹಿಂಭಾಗದಲ್ಲಿ ಹುಬ್ಬೆ, ಬಾಲದ ತುದಿಯಲ್ಲಿ ಉತ್ತರೆ. ಮೂರು ಮಳೆ ಒಂದೇ ಪ್ರಾಣಿಯ ಮೈಮೇಲೆ. ಅದಕ್ಕೂ ಮೊದಲಿನ ಪುಷ್ಯ ಬರಿಗಣ್ಣಿಗೆ ಮಂಜಿನ ಚುಕ್ಕೆ, ಅಸಲೆ ಅದರ ಕೆಳಗಿನ ಸಣ್ಣ ಗುಂಪು. ಚಂದ್ರನಿಲ್ಲದ ರಾತ್ರಿ, ಬೀದಿದೀಪವಿಲ್ಲದ ಜಾಗ ಬೇಕು.

ಇದೇ ದಿನಗಳಲ್ಲಿ ಉತ್ತರಕ್ಕೆ ತಿರುಗಿದರೆ ಸಪ್ತರ್ಷಿಗಳು. ಬಾಲದ ನಡುವಿನ ವಸಿಷ್ಠ, ಅವನ ಪಕ್ಕ ಕಿರಿದಾಗಿ ಅರುಂಧತಿ. ಮದುವೆಯಲ್ಲಿ ಗಂಡು ಹೆಣ್ಣಿಗೆ ತೋರಿಸುವ ಶಾಸ್ತ್ರ ಈಗ ಹೆಚ್ಚಾಗಿ ಹಗಲು ಹನ್ನೆರಡಕ್ಕೆ ಕಲ್ಯಾಣ ಮಂಟಪದ ಬಾಗಿಲಲ್ಲಿ ನಡೆಯುತ್ತದೆ. ಪುರೋಹಿತರು ಬೆರಳು ತೋರುತ್ತಾರೆ, ವಧೂವರರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಂಡಿತು ಎನ್ನುತ್ತಾರೆ, ವಿಡಿಯೊದವನು ಇನ್ನೊಮ್ಮೆ ಎನ್ನುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಯಾದವರು ಅದೇ ರಾತ್ರಿ ಹತ್ತಕ್ಕೆ ತಾರಸಿ ಹತ್ತಿದರೆ ಅರುಂಧತಿ ನಿಜವಾಗಿಯೂ ಕಾಣುತ್ತಾಳೆ, ಉತ್ತರಕ್ಕೆ, ಅರ್ಧ ಆಕಾಶದ ಎತ್ತರದಲ್ಲಿ. ಚೆನ್ನಾಗಿ ಕಣ್ಣು ಕಾಣುವವರಿಗೆ ಇಬ್ಬರೂ ಬೇರೆ ಬೇರೆಯಾಗಿ ಕಾಣಬೇಕು. ಬೈನಾಕ್ಯುಲರ್ ಇದ್ದರೆ ಅನುಮಾನವೇ ಉಳಿಯದು.

ಸಪ್ತರ್ಷಿಗಳ ಮುಂದಿನ ಎರಡು, ಪುಲಹ ಮತ್ತು ಕ್ರತು. ಇವನ್ನು ಜೋಡಿಸಿದ ಗೆರೆಯನ್ನು ಐದು ಪಟ್ಟು ಮುಂದಕ್ಕೆ ಎಳೆದರೆ ಧ್ರುವ. ಉತ್ತರ ಭಾರತದಲ್ಲೋ ಯೂರೋಪಿನಲ್ಲೋ ಬರೆದ ಪುಸ್ತಕ ನಂಬಿ ಮೇಲೆ ಹುಡುಕಬೇಡಿ. ಹುಣಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ, ಅಲ್ಲಿ ಧ್ರುವ ಇರುವ ಎತ್ತರವೂ ಅಷ್ಟೇ: ಒಂದು ಮುಷ್ಟಿ, ಮೇಲೆ ಎರಡು ಬೆರಳು. ತೆಂಗಿನ ತೋಟದ ಪಕ್ಕದವರಿಗೆ ಧ್ರುವ ಕಾಣದಿರುವುದು ಸಹಜ. ಇನ್ನು ಸಪ್ತರ್ಷಿಗಳ ಬಾಲದ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಅಲ್ಲಿಂದ ಅದೇ ಬಾಗಿನಲ್ಲಿ ಇಳಿದರೆ ನೀಲಿ ಮಿಶ್ರಿತ ಬಿಳಿಯ ಚಿತ್ತೆ. ಚಿತ್ತೆಯ ಪಕ್ಕದಲ್ಲೇ ಅಂಗೈಯಂತೆ ಹರಡಿದ ಐದು ನಕ್ಷತ್ರ ಹಸ್ತ. ಚೈತ್ರದ ಹುಣ್ಣಿಮೆಯಲ್ಲಿ ಚಂದ್ರ ಚಿತ್ತೆಯ ಹತ್ತಿರ ಇರುತ್ತಾನೆ, ಕಾರ್ತಿಕದ ಹುಣ್ಣಿಮೆಯಲ್ಲಿ ಕೃತ್ತಿಕೆಯ ಹತ್ತಿರ. ತಿಂಗಳ ಹೆಸರು ಗೊತ್ತಿದ್ದರೆ ನಕ್ಷತ್ರ ಹುಡುಕಲು ಚಂದ್ರನೇ ದಾರಿ ತೋರುತ್ತಾನೆ.

ನಾಲ್ಕು ತಾಲ್ಲೂಕಿನ ಆಕಾಶದಲ್ಲಿ ನನಗೆ ಅತಿ ಹೆಚ್ಚು ಬೆರಗು ತರಿಸುವುದು ಏಪ್ರಿಲ್ ಕೊನೆ, ಮೇ ಮೊದಲ ವಾರದ ರಾತ್ರಿ ಹತ್ತು ಗಂಟೆ. ಆಗ ಉತ್ತರದಲ್ಲಿ ಧ್ರುವ ಹನ್ನೆರಡು ಡಿಗ್ರಿಯಲ್ಲಿ. ಬೆನ್ನು ತಿರುಗಿಸಿದರೆ ದಕ್ಷಿಣದಲ್ಲಿ ಹದಿನೈದರಿಂದ ಇಪ್ಪತ್ತು ಡಿಗ್ರಿಯ ನಡುವೆ ತ್ರಿಶಂಕು. ನಾಲ್ಕು ನಕ್ಷತ್ರದ ಶಿಲುಬೆಯಾಕಾರ, ಎಡಕ್ಕೆ ಎರಡು ಹೊಳೆಯುವ ನಕ್ಷತ್ರ. ಆ ಎರಡರಲ್ಲಿ ಎಡಗಡೆಯದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರಕುಟುಂಬ, ನಾಲ್ಕು ಜ್ಯೋತಿರ್ವರ್ಷಕ್ಕೆ ಸ್ವಲ್ಪ ಹೆಚ್ಚು ದೂರ. ಸಿಡ್ನಿಯವರಿಗೆ ತ್ರಿಶಂಕು ಉಂಟು, ಧ್ರುವ ಇಲ್ಲ. ಲಂಡನ್ನಿನವರಿಗೆ ಧ್ರುವ ಉಂಟು, ತ್ರಿಶಂಕು ಇಲ್ಲ. ನಮಗೆ ಎರಡೂ, ಒಂದೇ ತಾರಸಿಯಿಂದ. ವಿಶ್ವಾಮಿತ್ರ ಹತ್ತಿಸಿ, ಇಂದ್ರ ತಳ್ಳಿ, ನಡುವೆ ತಲೆಕೆಳಗಾಗಿ ಉಳಿದವನನ್ನು ನಮ್ಮವರು ದಿಗಂತಕ್ಕೆ ಇಷ್ಟು ಹತ್ತಿರದಲ್ಲಿ ನೇತುಹಾಕಿದ್ದು ಸುಮ್ಮನೆ ಅಲ್ಲ: ಅವನು ಎಂದೂ ನೆತ್ತಿಗೇರುವುದಿಲ್ಲ. ದೊಡ್ಡ ದೂರದರ್ಶಕವಿರುವ ತಮಿಳುನಾಡಿನ ಕವಲೂರು ವೀಕ್ಷಣಾಲಯವೂ ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿದೆ. ಉತ್ತರ, ದಕ್ಷಿಣ ಎರಡರ ಆಕಾಶವೂ ಸಿಗುವುದು ಅಲ್ಲಿಯ ಒಂದು ಅನುಕೂಲ.

ಮೇ, ಜೂನ್ ತಿಂಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರ ನಾಲ್ಕನೇ ತಿಂಗಳು ನಡೆಯುತ್ತಿರುತ್ತದೆ. ಸಾಗಾ ದಾವಾ ಎಂದು ಬುದ್ಧನ ಹೆಸರಿನಲ್ಲಿ ಪವಿತ್ರವಾಗಿ ಆಚರಿಸುವ ಈ ತಿಂಗಳಿಗೆ ಹೆಸರು ಬಂದದ್ದು ನಮ್ಮ ವಿಶಾಖೆ ನಕ್ಷತ್ರದಿಂದ, ನಮ್ಮ ವೈಶಾಖದಂತೆಯೇ. ನಮ್ಮ ಕೃತ್ತಿಕೆ ಅವರಿಗೆ ಮಿಂದ್ರುಕ್, ಅವರೂ ಎಣಿಸುವುದು ಆರನ್ನೇ, ಅವರ ಹತ್ತನೇ ತಿಂಗಳಿಗೆ ಅದರ ಹೆಸರು. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು ಕಾಡು ಕಡಿದು ಹೊಲ ಮಾಡಿದವರಿಗೆ ನೆಲ, ಮಳೆ, ಬೆಳೆ ಎಲ್ಲ ಹೊಸದಾಗಿತ್ತು. ಈ ಲೆಕ್ಕವೊಂದು ಎರಡೂ ಕಡೆಯವರಿಗೆ ಮೊದಲಿನಿಂದ ಸಮಾನ.

ಹೊರಡುವ ಮೊದಲು

ಅಮಾವಾಸ್ಯೆಯ ಹಿಂದು ಮುಂದಿನ ಒಂದು ವಾರ ಆರಿಸಿಕೊಳ್ಳಿ. ಹೊರಗೆ ಬಂದ ಕೂಡಲೇ ಏನೂ ಕಾಣದಿದ್ದರೆ ಬೇಸರ ಬೇಡ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ, ಅರ್ಧ ಗಂಟೆ ಬೇಕು. ಆ ನಡುವೆ ಒಮ್ಮೆ ಮೊಬೈಲ್ ನೋಡಿದರೆ ಲೆಕ್ಕ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಕಟ್ಟಿದರೆ ಕಣ್ಣು ಕೆಡದು. ಸ್ಟೆಲೇರಿಯಂ ಎಂಬ ತಂತ್ರಾಂಶ ಕಂಪ್ಯೂಟರಿಗೆ ಉಚಿತ. ನಿಮ್ಮ ಊರು, ತಾರೀಖು, ಹೊತ್ತು ಹಾಕಿದರೆ ಆಕಾಶದ ಚಿತ್ರ ಕೊಡುತ್ತದೆ. ಹಗಲಲ್ಲೇ ನೋಡಿಕೊಂಡು ಹೊರಗೆ ಹೋಗುವುದು ಮೇಲು. ಉಪಕರಣ ಕೊಳ್ಳುವ ಮನಸ್ಸಾದರೆ ಅಗ್ಗದ ಟೆಲಿಸ್ಕೋಪಿಗೆ ದುಡ್ಡು ಸುರಿಯಬೇಡಿ. ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರದ ಬೈನಾಕ್ಯುಲರ್ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ಜಾಗದ ವಿಷಯದಲ್ಲಿ ಒಂದೊಂದು ತಾಲ್ಲೂಕಿನದು ಒಂದೊಂದು ಹಣೆಬರಹ. ಮೈಸೂರಿನ ದೀಪಗಳ ಮಬ್ಬು ಹುಣಸೂರಿನವರಿಗೆ ಪೂರ್ವದಲ್ಲಿ ಏಳುತ್ತದೆ, ಕೆ.ಆರ್. ನಗರದವರಿಗೆ ಆಗ್ನೇಯದಲ್ಲಿ, ಎಚ್.ಡಿ. ಕೋಟೆಯವರಿಗೆ ಈಶಾನ್ಯದಲ್ಲಿ. ಹಾಗಾಗಿ ದಕ್ಷಿಣದ ನಕ್ಷತ್ರಗಳಿಗೆ ಕೋಟೆಯೇ ವಾಸಿ. ಅಲ್ಲಿಂದ ದಕ್ಷಿಣಕ್ಕೆ ಕಬಿನಿಯ ಹಿನ್ನೀರು, ಆಮೇಲೆ ಕಾಡು. ಆದರೆ ಆ ಕತ್ತಲೆಗೆ ಬೆಲೆಯೂ ಇದೆ. ಕಾಡಂಚಿನಲ್ಲಿ ನಕ್ಷತ್ರ ನೋಡುವ ನೆಪದಲ್ಲಿ ಹಿನ್ನೀರಿನ ಬಯಲಿಗೋ ಕೆರೆ ಏರಿಗೋ ರಾತ್ರಿ ಹೋಗಬಾರದು. ನೀರಿಗೆ ಬರುವ ಆನೆ ಮೇಲೆ ನೋಡುತ್ತಾ ನಿಂತವರಿಗೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹುಲಿ ಸಂರಕ್ಷಿತ ಪ್ರದೇಶದ ರಸ್ತೆಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವುದಂತೂ ಅಪರಾಧ. ಊರೊಳಗಿನ ತಾರಸಿ, ಶಾಲೆಯ ಮೈದಾನ, ಮನೆಯ ಹಿಂದಿನ ಕಣ ಇವೇ ಸರಿ. ಬೀದಿದೀಪವೊಂದನ್ನು ಗೋಡೆಗೆ ಮರೆ ಮಾಡಿ ನಿಂತರೆ ಕೃತ್ತಿಕೆಯ ಆರೂ ಸಿಗುತ್ತವೆ. ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ಚಳಿಗಾಲದ ಮಂಜು ಒಂದು ಕಾಟ. ಅಲ್ಲಿ ಬೆಳಗಿನ ಜಾವಕ್ಕಿಂತ ರಾತ್ರಿಯ ಮೊದಲ ಜಾವ ಒಳ್ಳೆಯದು.

ಮಳೆಗಾಲ ಪೂರ್ತಿ ವ್ಯರ್ಥವೇನಲ್ಲ. ಜುಲೈನಿಂದ ಸೆಪ್ಟೆಂಬರಿನವರೆಗೆ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಹಾಕುತ್ತಾ ಶಾಖದ ಮೇಲೆ ಕಣ್ಣಿಟ್ಟು ರಾತ್ರಿ ಎಚ್ಚರ ಇರುವವರು ಹುಣಸೂರು, ಪಿರಿಯಾಪಟ್ಟಣದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಮೋಡ ಬಿರಿದಾಗ ಅವರ ಪಾಲಿಗೆ ಎರಡು ನೋಟಗಳುಂಟು. ಜುಲೈ ಕೊನೆಯ ವಾರ ಬೆಳಗಿನ ಜಾವ ಐದಕ್ಕೆ ಪೂರ್ವದಲ್ಲಿ, ಮೂರು ವಾರದ ಹಿಂದೆ ತನ್ನ ಮಳೆ ಮುಗಿಸಿದ ಆರಿದ್ರಾ ಸೂರ್ಯನಿಂದ ಬಿಡಿಸಿಕೊಂಡು ಮೇಲೆ ಬಂದಿರುತ್ತದೆ. ಇನ್ನೊಂದು, ಜುಲೈ ನಡುವಿನ ರಾತ್ರಿ ಒಂಬತ್ತೂವರೆಗೆ ದಕ್ಷಿಣದಲ್ಲಿ ಕೊಂಡಿ ಎತ್ತಿ ನಿಂತ ವೃಶ್ಚಿಕ. ಹೆಸರಿಗೂ ಆಕಾರಕ್ಕೂ ಇಷ್ಟು ಹೊಂದುವ ಪುಂಜ ಇನ್ನೊಂದಿಲ್ಲ. ಚೇಳು ಎಂದರೆ ಚೇಳೇ. ಅನುರಾಧಾ ಅದರ ಮುಂಭಾಗ, ಕೆಂಪಗೆ ಜ್ಯೇಷ್ಠಾ ಅದರ ಎದೆ, ಮೂಲಾ ಕೊಂಡಿ. ಸೂರ್ಯ ಈ ಮೂರರಲ್ಲಿ ಇರುವುದು ನವೆಂಬರ್ 20ರ ಸುಮಾರಿನಿಂದ ಡಿಸೆಂಬರ್ ಕೊನೆಯವರೆಗೆ, ಮಳೆ ಮುಗಿದ ಮೇಲೆ. ಮಳೆಗಾಲದ ರಾತ್ರಿ ಕಾಣುವುದು ಹೆಚ್ಚಾಗಿ ಮಳೆಯಿಲ್ಲದ ನಕ್ಷತ್ರಗಳೇ.

ಮೂಲಾ ಎಂದ ಕೂಡಲೇ ಜಾತಕ ಮಡಿಚಿಡುವ ಮನೆಗಳು ಈಗಲೂ ಇವೆ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗದು ಎಂದು ಎಷ್ಟೋ ಸಂಬಂಧಗಳು ತಪ್ಪಿವೆ. ಒಳ್ಳೆಯ ಹುಡುಗಿಯರ ವಯಸ್ಸನ್ನು ಸವೆಸುವುದು ಬಿಟ್ಟು ಈ ಭಯದಿಂದ ಇನ್ನೇನೂ ಆಗಿಲ್ಲ. ಆಕಾಶದಲ್ಲಿ ನೋಡಿದರೆ ಇಪ್ಪತ್ತೇಳರಲ್ಲಿ ಮೂಲಾದಷ್ಟು ತುಂಬಿದ ನೆರೆಹೊರೆ ಬೇರೆ ಯಾವ ನಕ್ಷತ್ರಕ್ಕೂ ಇಲ್ಲ. ಸುಮಾರು 26,000 ಜ್ಯೋತಿರ್ವರ್ಷ ಆಚೆಗಿರುವ ನಮ್ಮ ಆಕಾಶಗಂಗೆಯ ನಡುಭಾಗ ಆ ದಿಕ್ಕಿನಲ್ಲೇ, ಕೊಂಡಿಯ ಹತ್ತಿರದಲ್ಲೇ ಇದೆ. ಅಕ್ಟೋಬರ್ ಮೊದಲ ವಾರ, ಹಸ್ತ ಮಳೆ ಬಿಡುವು ಕೊಟ್ಟ ಸಂಜೆ ಏಳೂವರೆಗೆ ನೈಋತ್ಯಕ್ಕೆ ನೋಡಿ. ಕೊಂಡಿಯ ಎಡಕ್ಕೆ, ಸ್ವಲ್ಪ ಮೇಲೆ, ಬರಿಗಣ್ಣಿಗೇ ಮಬ್ಬಾಗಿ ತೋರುವ ಎರಡು ಚುಕ್ಕೆಗಳಿವೆ. ಬೈನಾಕ್ಯುಲರ್ ಹಿಡಿದರೆ ಎರಡೂ ನಕ್ಷತ್ರಗುಚ್ಛಗಳು. ದೊಡ್ಡದನ್ನು ಮೊದಲು ನೋಡಿ, ಚಿಕ್ಕದಕ್ಕೆ ಕೈ ಅಲುಗದಂತೆ ಮೊಣಕೈಯನ್ನು ತಾರಸಿಯ ಗೋಡೆಗೆ ಊರಬೇಕು.